ಮುರಿಗೆಪ್ಪನ ಅರ್ಧ ಖೋಲಿ

ಮೂವತ್ತೇಳನೆಯ ಇಸವಿಯಲ್ಲಿ ಗೋಕಾಕದ ಇಂಗ್ರಜಿ ಸಾಲೆಗೆ ಬರುತ್ತಿದ್ದವರಲ್ಲಿ ಪರದೇಶದ ವಿದ್ಯಾರ್ಥಿ ಎಂದು ಒಬ್ಬನೇ ಇದ್ದ. ಅವನೇ ಮುರಿಗೆಪ್ಪ. ಪರದೇಶ ಎಂದ ಕೂಡಲೇ ಹಡಗು, ಸಮುದ್ರ ಎಂದು ಯಾರೂ ಕಣ್ಣರಳಿಸಬೇಕಾಗಿಲ್ಲ. ಮುರಿಗೆಪ್ಪನ ದೇಶ ಮೂಡಲಗಿಯಿಂದ ಎರಡು ಹರದಾರಿ ಆಚೆ ಇತ್ತು. ನಡುವೆ ಒಂದು ಹಳ್ಳ. ಹಳ್ಳದ ಈಚೆ ಇಂಗ್ರಜಿ ಸರಕಾರ, ಆಚೆ ಸಂಸ್ಥಾನ. ಆ ಸಂಸ್ಥಾನದ ವಿಸ್ತಾರ ಎಂಥದೆಂದರೆ, ಎತ್ತೊಂದು ಹಗ್ಗ ಹರಿದುಕೊಂಡು ಓಡಿದರೆ ಒಡೆಯ ಅದನ್ನು ಹಿಡಿಯುವಷ್ಟರಲ್ಲಿ ಅದು ಬ್ರಿಟಿಷ್ ಎತ್ತಾಗಿರುತ್ತಿತ್ತು. ಆದರೂ ಅದಕ್ಕೊಬ್ಬ ಮಹಾರಾಜ, ಅಂಗೈಯಗಲದ ಒಂದು ಮೊಹರು, ಹಳ್ಳದ ದಂಡೆಯಲ್ಲಿ ಸುಂಕ ಎತ್ತುವ ಒಂದು ಜಕಾತಿ ನಾಕೆ ಎಲ್ಲ ಇದ್ದವು. ಮುರಿಗೆಪ್ಪ ಹಿಟ್ಟಿನ ಚೀಲ ಹೊತ್ತು ಆ ನಾಕೆ ದಾಟಿ ಬಂದವನಾದ್ದರಿಂದ ಗೋಕಾಕದವರು ಅವನನ್ನು ಪರರಾಜ್ಯದವನೆಂದೇ ಲೆಕ್ಕ ಹಿಡಿದಿದ್ದರು.

ಅವನಿಗಾಗ ಇಪ್ಪತ್ಮೂರು ವರ್ಷ. ಮ್ಯಾಟ್ರಿಕ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಗಣಿತದ ಕೈಯಲ್ಲಿ ಪೆಟ್ಟು ತಿಂದಿದ್ದ. ಮೊದಲ ಸಲ ಕೂರುವ ಮೊದಲೇ ಪಕ್ಕದೂರಿನ ಪಾರವ್ವನ ಜೊತೆ ಮದುವೆಯೂ ಆಗಿತ್ತು. ಆಗ ಅವಳಿಗೆ ಹದಿನೆಂಟು. ಅರಿಸಿನದ ಕೈ ತೊಳೆದ ಐದನೆಯ ದಿನಕ್ಕೆ ಸಾಲೆ ಶುರುವಾಯಿತೆಂದು ಇವನು ಗೋಕಾಕಕ್ಕೆ ಬಂದ, ಅವಳು ತವರಿಗೆ ಹೋದಳು. ಅವಳ ತಂದೆ ಅಪ್ಪಣ್ಣ ಹತ್ತು ಕೂರಿಗೆ ಎರೆ ಹೊಲದ ಮನುಷ್ಯ. ಮಾತು ಕಡಿಮೆ, ಮೀಸೆ ಜಾಸ್ತಿ. ಅಳಿಯನನ್ನು ಚಕ್ಕಡಿ ಹತ್ತಿಸುವಾಗ ಒಂದೇ ಮಾತು ಆಡಿದ್ದ: ನೀನು ಸ್ವಂತ ಒಲೆ ಹೂಡಿದ ದಿನ ಮಗಳನ್ನು ಕಳಿಸುತ್ತೇನೆ, ಅಲ್ಲಿಯ ತನಕ ಅವಳು ನಮ್ಮಲ್ಲೇ ಇರಲಿ.

ಅದಾಗಿ ಎರಡು ವರ್ಷ ಕಳೆದಿದ್ದವು. ಸಂಜೆ ಮೂಡಲಗಿಯ ಮೋಟಾರು ಬರುವ ಹೊತ್ತಿಗೆ ಮುರಿಗೆಪ್ಪ ತಪ್ಪದೆ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ. ಅವನಿಗಾಗಿ ಬರುವವರು ಯಾರೂ ಇರಲಿಲ್ಲ. ಇಳಿದವರ ಕಾಲಿನ ಮೇಲಿನ ಧೂಳು ತನ್ನ ಕಡೆಯದು ಎಂಬುದೊಂದೇ ಅವನಿಗೆ ಸಮಾಧಾನ. ಅದನ್ನು ನೋಡಿಕೊಂಡು ಖೋಲಿಗೆ ಹಿಂದಿರುಗಿ ರೊಟ್ಟಿ ಬಡಿಯುತ್ತಿದ್ದ. ರೊಟ್ಟಿ ಬಡಿಯುವಾಗ ಅವಳ ನೆನಪು, ತಿನ್ನುವಾಗ ನೆನಪು. ಬೀಜಗಣಿತ ತೆಗೆದರೆ ಅಲ್ಲಿಯೂ ಬೆಲೆ ಗೊತ್ತಿಲ್ಲದ ಒಂದು ಅಕ್ಷರ ಕೂತಿರುತ್ತಿತ್ತು, ಅದನ್ನು ನೋಡಿದರೂ ನೆನಪು.

ಹಾಗಂತ ಪತ್ರ ಬರೆಯುವ ಹಾಗಿತ್ತೇ? ಹೆಂಡತಿಗೆ ಗಂಡ ನೇರವಾಗಿ ಪತ್ರ ಬರೆಯುವುದು ಆ ಸೀಮೆಯಲ್ಲಿ ಕೇಳದ ಮಾತು. ಪತ್ರ ಮಾವನಿಗೆ ಬರೆಯಬೇಕು, ಅದನ್ನು ಊರ ಮಾಸ್ತರರು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಬೇಕು, ಊರೆಲ್ಲ ಕೇಳಬೇಕು. ಅದರಲ್ಲಿ ಮುರಿಗೆಪ್ಪ ಮಾವನಿಗೆ, ಅತ್ತೆಗೆ, ಎಮ್ಮೆಗೆ, ಹೊಸದಾಗಿ ಕೊಂಡ ಹೋರಿಗೆ ಹೆಸರು ಹಿಡಿದು ಕ್ಷೇಮ ಕೇಳಿ, ಕೊನೆಗೆ 'ಉಳಿದವರಿಗೂ ಕೇಳಿದೆನೆಂದು ಹೇಳಬೇಕು' ಎಂದು ಬರೆಯುತ್ತಿದ್ದ. ಆ ಉಳಿದವರೇ ಪಾರವ್ವ. ಎರಡು ವರ್ಷದ ಅಷ್ಟೂ ಹಂಬಲವನ್ನು ಆ ಒಂದು ಸಾಲಿನಲ್ಲಿ ತುರುಕಬೇಕಾಗಿತ್ತು.

ಮೂರನೆಯ ವರ್ಷದ ಸಾಲೆ ಶುರುವಾಗುವ ಹೊತ್ತಿಗೆ ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಮಾವನಿಗೆ, 'ಇಲ್ಲಿ ಮನಿ ಹಿಡಿದಿದ್ದೇನೆ, ಒಲಿ ಹೂಡಿದ್ದೇನೆ' ಎಂದು ಬರೆದ. ಅಲ್ಲಿಗೆ ಲೇಖಣಿ ಕೆಳಗಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಿಡಿದದ್ದು ಎಂಥ ಮನೆ ಎಂದು ಮಾವ ಕೇಳಿಯಾರೆಂಬ ಅಂಜಿಕೆಯಿಂದ ಎರಡು ಅಂಕಣ ಎಂದು ಸೇರಿಸಿದ. ಅಂಕಣ ಇದ್ದ ಮೇಲೆ ಪಡಸಾಲೆ ಇರದಿದ್ದರೆ ಚೆನ್ನಾಗಿರುವುದಿಲ್ಲ, ಪಡಸಾಲೆ ಬಂತು. ಹಿತ್ತಲು ಬಂತು. ಹಿತ್ತಲು ಬರಿದಾಗಿರಬಾರದೆಂದು ಒಂದು ನುಗ್ಗೆಯ ಗಿಡವನ್ನೂ ನೆಟ್ಟ. ಪತ್ರ ಡಬ್ಬಿಗೆ ಬಿದ್ದ ಮೇಲೆ ಅವನಿಗೆ ಬೆವರು ಬಂತು.

ಎಂಟು ದಿನಕ್ಕೆ ಉತ್ತರ ಬಂತು. ಕಾರಹುಣ್ಣಿಮೆ ಮುಗಿದ ಮೇಲೆ ಎರಡನೆಯ ಸೋಮವಾರದ ಮೋಟಾರಿಗೆ ಅಪ್ಪಣ್ಣ ಮಗಳನ್ನು ಕರೆದುಕೊಂಡು ಬರುವವನಿದ್ದ. ತಾನು ಪಡಸಾಲೆಯಲ್ಲಿ ಮಲಗುವುದಾಗಿಯೂ ನುಗ್ಗೆಕಾಯಿಯ ಸಾರು ತನಗೆ ಸೇರುತ್ತದೆಂದೂ ಬರೆಸಿದ್ದ.

ಈಗ ಆ ಮನೆಯ ವಿಷಯ ಹೇಳಬೇಕು. ಅದು ಸಾತವ್ವ ಎಂಬ ಮುದುಕಿಯ ಅಂಗಳದ ಆಚೆ ಇದ್ದ ಒಂದೇ ಒಂದು ಖೋಲಿ, ಆರು ಮೊಳ ಅಗಲ, ಹತ್ತು ಮೊಳ ಉದ್ದ. ಅದರಲ್ಲಿಯೂ ಮುರಿಗೆಪ್ಪನದು ಅರ್ಧ. ಇನ್ನರ್ಧದಲ್ಲಿ ಹುಕ್ಕೇರಿಯ ಯಲ್ಲಾರಿ ಇದ್ದ, ಅದೇ ವರ್ಗದ ವಿದ್ಯಾರ್ಥಿ. ಹುಕ್ಕೇರಿಯ ಅವನ ಮನೆಯಲ್ಲಿ ಅಣ್ಣತಮ್ಮ ಅಕ್ಕತಂಗಿ ಕೂಡಿ ಹನ್ನೊಂದು ಮಂದಿ. ಹುಟ್ಟಿದಂದಿನಿಂದ ಮಡಚಿಕೊಂಡೇ ಮಲಗಿದ ಯಲ್ಲಾರಿ ಮೊದಲ ಸಲ ಕಾಲು ಪೂರ್ತಿ ಚಾಚಿದ್ದು ಈ ಖೋಲಿಯಲ್ಲಿ. ಹಾಗಾಗಿ ಅವನಿಗೆ ಅದೇ ಅರಮನೆ. ಮುರಿಗೆಪ್ಪನ ಮೇಲೂ ಅವನಿಗೆ ಜೀವ. ಹುಕ್ಕೇರಿ ಸಂತೆಯ ಮರುದಿನ ಮನೆಯಿಂದ ಶೇಂಗಾ ಚಟ್ನಿ ಬಂದರೆ ಮುರಿಗೆಪ್ಪ ಬರುವ ತನಕ ಗಂಟು ಬಿಚ್ಚುತ್ತಿರಲಿಲ್ಲ.

ಸಾತವ್ವನಿಗೆ ಕಾಗದವೆಂದರೆ ಆಗುತ್ತಿರಲಿಲ್ಲ. ಅವಳ ಗಂಡ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದಿದ್ದ. ಆದ್ದರಿಂದ ಬಾಡಿಗೆಯ ಕರಾರು ಅವಳಲ್ಲಿ ಬೇರೆ ರೀತಿ ಆಗುತ್ತಿತ್ತು, ಆ ಓಣಿಯಲ್ಲಿ ಹಳೆಯ ಕಾಲದಿಂದ ನಡೆದು ಬಂದ ರೀತಿ. ಬಾಡಿಗೆಗೆ ಬಂದವನ ಒಲೆಗೆ ಮನೆಯೊಡತಿ ತನ್ನ ಒಲೆಯ ಕೆಂಡ ಕೊಡಬೇಕು. ಕೆಂಡ ಕೊಟ್ಟರೆ ಮನೆ ಕೊಟ್ಟ ಹಾಗೆ. ಅದಕ್ಕೆ ಸಾಕ್ಷಿ ಬೇಡ, ಸಹಿ ಬೇಡ. ಕೆಂಡ ಇಸಕೊಂಡವನನ್ನು ಎಬ್ಬಿಸುವ ಅಧಿಕಾರ ಯಾರಿಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ಮುರಿಗೆಪ್ಪ, ಯಲ್ಲಾರಿ ಒಂದೇ ದಿನ ಬಂದಿದ್ದರು. ಸಾತವ್ವ ಒಡೆದ ಗಡಿಗೆಯ ಬೋಕಿಯ ಮೇಲೆ ಒಂದು ಕೆಂಡ ತಂದಳು. ಮುರಿಗೆಪ್ಪ ಬೋಕಿ ಹಿಡಿದ. ಯಲ್ಲಾರಿ ಒಲೆಯ ಮುಂದೆ ಬಗ್ಗಿ ಊದಿದ. ಒಲೆ ಹತ್ತಿತು. ಆ ಹೊತ್ತಿನಲ್ಲಿ ಕೆಂಡ ಸಿಕ್ಕಿದ್ದು ಹಿಡಿದವನಿಗೋ ಊದಿದವನಿಗೋ ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಹಸಿದವರು ಅದನ್ನೆಲ್ಲ ಕೇಳುವುದಿಲ್ಲ.

ಮಾವನ ಪತ್ರ ಕೈಯಲ್ಲಿ ಹಿಡಿದು ಮುರಿಗೆಪ್ಪ ಒಂದು ದಿನ ಪೂರ್ತಿ ಯೋಚಿಸಿದ. ಹೆಂಡತಿ ಬರುತ್ತಾಳೆ, ನೀನು ಬೇರೆ ಕಡೆ ನೋಡಿಕೋ ಎಂದಿದ್ದರೆ ಯಲ್ಲಾರಿ ಆಗಲೇ ಹಾಸಿಗೆ ಸುತ್ತಿ ಹೊರಡುತ್ತಿದ್ದನೋ ಏನೋ. ಆದರೆ ಆ ಮಾತು ಆಡಲು ಮುರಿಗೆಪ್ಪನಿಗೆ ನಾಚಿಕೆ. ಎರಡು ವರ್ಷದಲ್ಲಿ ಅವನು ಹೆಂಡತಿಯ ಸುದ್ದಿಯನ್ನು ಯಲ್ಲಾರಿಯ ಮುಂದೆ ಎತ್ತಿದವನಲ್ಲ. ಅದಕ್ಕೆ ಗಂಟಲು ಸರಿಮಾಡಿಕೊಂಡು, ಈ ವರ್ಷ ಗಣಿತಕ್ಕೆ ಏಕಾಂತ ಬೇಕಾಗಿದೆ, ನೀನು ಖೋಲಿ ಬಿಟ್ಟರೆ ಚಲೋ ಎಂದ.

ಯಲ್ಲಾರಿಯ ಮುಖ ಇಳಿದುಹೋಯಿತು. ಗಣಿತದಲ್ಲಿ ಮುರಿಗೆಪ್ಪನಿಗಿಂತ ಎರಡು ಅಂಕ ಕಡಿಮೆ ಬಂದವನು ಅವನು. ತನ್ನ ಸಹವಾಸದಿಂದಲೇ ಇವನು ನಪಾಸಾದನೆಂಬ ಮಾತು ಇದರಲ್ಲಿದೆ ಎಂದು ಅವನಿಗೆ ಅನಿಸಿತು. ಅಳು ನುಂಗಿಕೊಂಡವನು ಮಾಡುವ ಹಾಗೆ ಒಮ್ಮೆಲೇ ಸೆಟೆದು ನಿಂತ.

"ನಾ ಯಾಕ ಬಿಡ್ಲಿ? ಒಲಿ ಊದಿದಾಂವ ನಾನು."

"ಬೋಕಿ ಹಿಡದಾಂವ ನಾನು," ಎಂದ ಮುರಿಗೆಪ್ಪ.

ಆವತ್ತು ಆ ಖೋಲಿಯಲ್ಲಿ ಒಂದೇ ಒಲೆಯ ಮೇಲೆ ಎರಡು ಸಲ ಅಡಿಗೆಯಾಯಿತು. ಮರುದಿನ ನಡುವೆ ಸುಣ್ಣದ ಗೆರೆ ಬಿತ್ತು. ಗೆರೆ ಸರಿಯಾಗಿ ಒಲೆಯ ಮೇಲೇ ಹಾದುಹೋದ್ದರಿಂದ ಮುರಿಗೆಪ್ಪನ ಪಾಲಿಗೆ ಎರಡು ಗುಂಡು, ಯಲ್ಲಾರಿಯ ಪಾಲಿಗೆ ಒಂದು ಗುಂಡು ಮತ್ತು ಬೂದಿ ಬಂದವು. ಒಲೆಗೆ ಮೂರು ಗುಂಡು ಏಕೆ ಬೇಕೆಂದು ಅವತ್ತು ಇಬ್ಬರಿಗೂ ತಿಳಿಯಿತು. ಇಬ್ಬರೂ ಹಣಮಂತನ ಅಂಗಡಿಯ ಕರದಂಟು ತಿಂದು ಮಲಗಿದರು.

ಹಣಮಂತನ ಕರದಂಟಿನ ಅಂಗಡಿ ಓಣಿಯ ಬಾಯಲ್ಲೇ ಇತ್ತು. ಓಣಿಯ ಹಿರಿಯನೂ ಅವನೇ, ಬೇಡಿದರೂ ಬೇಡದಿದ್ದರೂ ನ್ಯಾಯ ಹೇಳುವವನು. ಗಿರಾಕಿಗಳಿಬ್ಬರೂ ಬೇರೆ ಬೇರೆಯಾಗಿ ಬಂದು ಒಂದೇ ಜಿನಸು ಕೊಂಡಿದ್ದರಿಂದ ಅವನಿಗೆ ಸಂಶಯ ಬಂದು, ಬೆಳಗ್ಗೆಯೇ ಸಾತವ್ವನ ಕಟ್ಟೆಗೆ ಬಂದು ಕೂತ. ಕೆಂಡವನ್ನು ಯಾರಿಗೆ ಕೊಟ್ಟೆ ಎಂದು ಸಾತವ್ವನನ್ನು ಕೇಳಿದರೆ ಅವಳು, ನಾನು ಒಲೆಗೆ ಕೊಟ್ಟೆ, ಇವರು ನಡುವೆ ಇದ್ದರು, ಇಷ್ಟೇ ಎಂದಳು. ಹಾಗಾದರೆ ನಡೆದದ್ದನ್ನು ನಡೆದ ಹಾಗೆ ಮಾಡಿ ತೋರಿಸಬೇಕೆಂದು ಹಣಮಂತ ಅಪ್ಪಣೆ ಮಾಡಿದ.

ಅದಕ್ಕೆ ಓಣಿಯೇ ನೆರೆಯಿತು. ಸಾತವ್ವ ಕೆಂಡ ತಂದಳು. ಮುರಿಗೆಪ್ಪ ಬೋಕಿಗೆ ಕೈ ಹಾಕುವ ಮೊದಲೇ ಯಲ್ಲಾರಿಯೂ ಕೈ ಹಾಕಿದ. ಈ ಸಲ ಹಿಡಿದವನೂ ತಾನೇ ಆಗಬೇಕೆಂದು ಅವನು, ಊದುವವನೂ ತಾನೇ ಆಗಬೇಕೆಂದು ಇವನು. ಇಬ್ಬರೂ ಹಿಡಿದು ಇಬ್ಬರೂ ಊದಿದ್ದರಿಂದ ಕೆಂಡ ಹಾರಿ ಹಣಮಂತನ ಧೋತರದ ಮೇಲೆ ಬಿತ್ತು. ಓಣಿಯ ಪದ್ಧತಿಯ ಪ್ರಕಾರ ಈಗ ಖೋಲಿ ಹಣಮಂತನದು ಎಂದು ಹಿಂದಿನಿಂದ ಯಾರೋ ಅಂದರು. ಹಣಮಂತ ಧೋತರ ಝಾಡಿಸಿಕೊಳ್ಳುತ್ತ ಹೋದವನು ಎರಡು ದಿನ ನ್ಯಾಯದ ಹೆಸರೆತ್ತಲಿಲ್ಲ.

ಇಷ್ಟರಲ್ಲಿ ಗೋಡೆಯಾಚೆಯ ಕೆಂಪವ್ವ ಹೊಸದೊಂದು ಮಾತು ತೆಗೆದಳು. ಅಂದು ಕೆಂಡ ಕೊಟ್ಟದ್ದು ಶುಕ್ರವಾರ, ಶುಕ್ರವಾರ ಮನೆಯ ಬೆಂಕಿ ಹೊರಗೆ ಕೊಡಬಾರದು, ಹಾಗಾಗಿ ಈ ಕರಾರೇ ಖೊಟ್ಟಿ ಎಂದು ಅವಳ ವಾದ. ಶುಕ್ರವಾರ ಬೆಂಕಿ ಕೊಡುವ ದರಿದ್ರ ತನಗೆ ಬಂದಿಲ್ಲ, ಅಂದು ಗುರುವಾರ ಎಂದು ಸಾತವ್ವ. ಅಲ್ಲಿಂದ ಮುಂದೆ ಓಣಿಯ ಹೆಂಗಸರಲ್ಲಿ ಗುರುವಾರದ ಪಕ್ಷ, ಶುಕ್ರವಾರದ ಪಕ್ಷ ಎಂದು ಎರಡಾದವು. ಬಾವಿಗೆ ಹೋಗುವ ಹೊತ್ತು ಸಹ ಬೇರೆ ಬೇರೆಯಾಯಿತು. ಮುರಿಗೆಪ್ಪನಿಗೆ ಇದರ ಖಬರೇ ಇರಲಿಲ್ಲ. ಅವನು ಬೆರಳೆಣಿಸುತ್ತಿದ್ದ. ಸೋಮವಾರಕ್ಕೆ ಒಂಬತ್ತು ದಿನ ಉಳಿದಿದ್ದವು.

ಯಲ್ಲಾರಿ ಕಚೇರಿಯ ಹೊರಗೆ ಕೂತು ಅರ್ಜಿ ಬರೆಯುವವನೊಬ್ಬನ ಹತ್ತಿರ ಹೋದ. ತನ್ನನ್ನು ಖೋಲಿಯಿಂದ ಎಬ್ಬಿಸಬಾರದು ಎಂದಷ್ಟೇ ಬರೆಸಬೇಕೆಂದು ಅವನಿಗಿತ್ತು. ಆದರೆ ಅರ್ಜಿ ಬರೆಯುವವನಿಗೆ ಬಹಳ ದಿನದಿಂದ ಕೈತುಂಬ ಕೆಲಸ ಸಿಕ್ಕಿರಲಿಲ್ಲ. ಎದುರಾಳಿ ಸಂಸ್ಥಾನದವನು ಎಂದು ಕೇಳಿದ್ದೇ ಅವನ ಕಣ್ಣು ಹೊಳೆದವು. 'ಪರರಾಜ್ಯದ ಪ್ರಜೆಯೊಬ್ಬನು ಘನ ಸರಕಾರದ ಸೀಮೆಯೊಳಗೆ ಪ್ರವೇಶಿಸಿ, ಒಂದು ಒಲೆಯ ಎರಡು ಗುಂಡುಗಳನ್ನು ವಶಪಡಿಸಿಕೊಂಡು, ಮೂರನೆಯದರ ಮೇಲೆ ಕಣ್ಣಿಟ್ಟಿದ್ದಾನೆ' ಎಂದು ಬರೆದ. ಅರ್ಜಿ ಮಾಮಲೇದಾರರ ಕೋರ್ಟಿಗೆ ಹೋಯಿತು. ವಿಚಾರಣೆ ಸೋಮವಾರಕ್ಕೆ ಗೊತ್ತಾಯಿತು, ಅದೇ ಸೋಮವಾರಕ್ಕೆ.

ಈ ಸುದ್ದಿ ಮೋಟಾರು ಹತ್ತಿ ಮೂಡಲಗಿಗೆ ಹೋಗಿ, ಅಲ್ಲಿಂದ ಹಳ್ಳ ದಾಟಿ, ನಾಕೆಯ ಕಾರಕೂನನ ಬಾಯಿಂದ ದರಬಾರಕ್ಕೆ ಮುಟ್ಟಿತು. ಸಂಸ್ಥಾನ ಹುಟ್ಟಿದಂದಿನಿಂದ ಅದು ಯಾರದೂ ಒಂದು ಗೇಣು ನೆಲ ಗೆದ್ದಿರಲಿಲ್ಲ. ದರಬಾರದಿಂದ ಮಾಮಲೇದಾರರಿಗೆ ಮೊಹರಿನ ಸಮೇತ ಒಂದು ಖಲೀತೆ, ಅಂದರೆ ರಾಜಪತ್ರ, ಬಂತು. ನಮ್ಮ ಪ್ರಜೆ ಮುರಿಗೆಪ್ಪನು ಗೋಕಾಕದಲ್ಲಿ ವಶಪಡಿಸಿಕೊಂಡ ಪ್ರದೇಶದ ವಿಸ್ತೀರ್ಣವೆಷ್ಟು, ಅಲ್ಲಿ ಯಾವ ಪೀಕು ಬೆಳೆಯುತ್ತದೆ, ದಯಮಾಡಿ ತಿಳಿಸತಕ್ಕದ್ದು ಎಂದು ಅದರಲ್ಲಿತ್ತು. ಮಾಮಲೇದಾರರು ಅದನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರೆಂದು ಪಟ್ಟೇವಾಲ ಹೊರಗೆ ಬಂದು ಹೇಳಿದ.

ಸೋಮವಾರ ಬಂತು. ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುವಾರದ ಪಕ್ಷ ಬಲಕ್ಕೆ, ಶುಕ್ರವಾರದ ಪಕ್ಷ ಎಡಕ್ಕೆ. ಹಣಮಂತ ಸುಟ್ಟ ಧೋತರವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ, ಕೇಳಿದರೆ ತೋರಿಸಬೇಕೆಂದು. ಮಾಮಲೇದಾರರು ಬಾಡಿಗೆಯ ಕಾಗದ ಎಲ್ಲಿದೆ ಎಂದರು. ಕಾಗದವಿಲ್ಲ, ಕೆಂಡ ಎಂದು ಸಾತವ್ವ ಹೇಳಿದಳು. ಆ ಕೆಂಡ ಎಲ್ಲಿದೆ ಎಂದರು. ಎರಡು ವರ್ಷವಾಯಿತು, ಬೂದಿಯಾಗಿರಬೇಕು ಎಂದಳು. ಕಾರಕೂನ ಪುರಾವೆಯ ಕಲಮಿನ ಎದುರು 'ಬೂದಿ' ಎಂದು ಬರೆದುಕೊಂಡ.

ಯಲ್ಲಾರಿಯನ್ನು ಕೇಳಿದಾಗ ಅವನು, ಉಸಿರು ತನ್ನದು, ಉಸಿರಿಲ್ಲದ ಕೆಂಡ ಬರೀ ಇದ್ದಲಿ ಎಂದ. ಮುರಿಗೆಪ್ಪನನ್ನು ಕೇಳಿದಾಗ ಅವನು, ಕೈ ಸುಟ್ಟದ್ದು ತನ್ನದು ಎಂದು ಬೆರಳು ತೋರಿಸಿದ. ಬೆರಳ ಮೇಲೆ ಕಲೆಯೇನೂ ಇರಲಿಲ್ಲ. ಮಾಮಲೇದಾರರು ವಯಸ್ಸಾದ ಶಾಂತ ಮನುಷ್ಯರು. ಅವರು ಲೇಖಣಿ ಕೆಳಗಿಟ್ಟು ಮುರಿಗೆಪ್ಪನನ್ನು ಸುಮ್ಮನೆ ಒಂದು ಮಾತು ಕೇಳಿದರು: ಎರಡು ವರ್ಷ ಕೂಡಿ ಇದ್ದವನನ್ನು ಈಗ ಯಾಕೆ ಎಬ್ಬಿಸುತ್ತೀ, ನಿನಗೆ ಇಡೀ ಖೋಲಿ ಯಾಕೆ ಬೇಕು?

ಗಣಿತ, ಏಕಾಂತ ಎಂದು ಹೇಳಬೇಕೆಂದು ಮುರಿಗೆಪ್ಪ ಬಾಯಿ ತೆರೆದ. ಮೂಡಲಗಿಯ ಮೋಟಾರು ಬರುವ ಹೊತ್ತಾಗಿತ್ತು. ಸ್ಟ್ಯಾಂಡಿನಲ್ಲಿ ಅವಳು ಇಳಿದು ನಿಂತು ಸುತ್ತಮುತ್ತ ನೋಡುತ್ತಿರಬೇಕು, ಇವನು ಇಲ್ಲಿ ಬೂದಿಯ ಸಲುವಾಗಿ ನಿಂತಿದ್ದ.

"ಸಾಹೇಬ್ರ, ಕೆಂಡ ಯಾರ ಹಿಡದ್ರು, ಯಾರ ಊದಿದ್ರು ನಂಗ ಬ್ಯಾಡ್ರಿ. ನಂಗ ಪಾರವ್ವ ಬೇಕ್ರಿ. ಎರಡ ವರ್ಷಾತ್ರಿ ಆಕಿನ್ನ ನೋಡಿ. ರೊಟ್ಟಿ ಮುರಿಯೂವಾಗ ನೆನಪಾಕ್ಕಾಳ, ಲೆಕ್ಕಾ ಬಿಡಸೂವಾಗ ನೆನಪಾಕ್ಕಾಳ, ಅದಕ ಲೆಕ್ಕಾ ತಪ್ಪತಾವ್ರಿ. ಆಕಿ ಆ ಖೋಲ್ಯಾಗ ಕುಂತಿರಬೇಕು, ನಾ ನೋಡಕೋತ ಇರಬೇಕು. ಅಷ್ಟರಿ, ಮತ್ತೇನಿಲ್ಲ."

ಗಂಡಸೊಬ್ಬ ಹೆಂಡತಿಯ ಹೆಸರನ್ನು, ಅದೂ ಸರಕಾರಿ ಕಚೇರಿಯಲ್ಲಿ, ಹಿರಿಯರೆದುರಿಗೆ, ಹೀಗೆ ಬಾಯಿಬಿಟ್ಟು ಹೇಳಿದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಕೆಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇದನ್ನೂ ಬರೆದುಕೊಳ್ಳಬೇಕೇ ಎಂದು ಕಾರಕೂನ ಕೇಳಿದ. ಬೇಡ ಎಂದು ಮಾಮಲೇದಾರರು ಕೈಯಾಡಿಸಿದರು.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮುರಿಗೆಪ್ಪ ತಿರುಗಿ ನೋಡಿದ. ಮೊದಲು ಮೀಸೆ ಕಂಡಿತು, ಆಮೇಲೆ ಮಾವ ಕಂಡ. ಮೋಟಾರು ಅಂದು ಹೊತ್ತಿಗೆ ಮುಂಚೆಯೇ ಬಂದಿತ್ತು. ಮುರಿಗೆಪ್ಪನ ಮನೆ ಎಲ್ಲಿ ಎಂದು ಅಪ್ಪಣ್ಣ ಸ್ಟ್ಯಾಂಡಿನಲ್ಲಿ ಕೇಳಿದಾಗ, ಅದು ಈಗ ಕಚೇರಿಯಲ್ಲಿದೆ ಎಂದು ಅಲ್ಲಿದ್ದವರು ದಾರಿ ತೋರಿಸಿದ್ದರು. ಅಪ್ಪಣ್ಣನ ಹಿಂದೆ ಕಚೇರಿಯ ಪಡಸಾಲೆಯ ಕಂಬದ ಮಗ್ಗುಲಲ್ಲಿ ಕೆಳಗಿಟ್ಟ ಟ್ರಂಕು, ಟ್ರಂಕಿನ ಪಕ್ಕ ಹಸಿರು ಇಳಕಲ್ಲ ಸೀರೆ. ಸೆರಗು ಮುಖದ ಮೇಲಿತ್ತು. ಮುಖ ಕಾಣದಿದ್ದರೂ ನಿಂತ ನಿಲುವಿನಿಂದಲೇ ಮುರಿಗೆಪ್ಪನಿಗೆ ಗುರುತು ಸಿಕ್ಕಿತು. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ.

ಅಪ್ಪಣ್ಣ ಅಳಿಯನ ಕಡೆ ನೋಡಲಿಲ್ಲ. ನೇರವಾಗಿ ಮಾಮಲೇದಾರರಿಗೆ ಕೈ ಮುಗಿದು, ಇವರು ಖೋಲಿ ಖೋಲಿ ಎನ್ನುತ್ತಿದ್ದಾರಲ್ಲ, ಎರಡು ಅಂಕಣದ ಮನೆಯ ವಿಷಯ ಯಾವಾಗ ಬರುತ್ತದೆ ಎಂದು ವಿಚಾರಿಸಿದ. ಮಾಮಲೇದಾರರು ಕಾಗದ ನೋಡಿ, ಆರು ಮೊಳ ಅಗಲ, ಹತ್ತು ಮೊಳ ಉದ್ದ, ಅದರಲ್ಲಿ ಅರ್ಧ ಎಂದರು. ಪಡಸಾಲೆ? ಇಲ್ಲ. ಹಿತ್ತಲು? ದಾಖಲೆಯಲ್ಲಿಲ್ಲ. ನುಗ್ಗೆಯ ಗಿಡ? ಅಲ್ಲಿಯ ತನಕ ಸುಮ್ಮನಿದ್ದ ಕೆಂಪವ್ವ ಮುಂದೆ ಬಂದಳು.

"ಗಿಡಾ ನಂದ್ರಿ," ಎಂದಳು.

ಮುರಿಗೆಪ್ಪನಿಗೆ ಭೂಮಿ ಬಾಯಿಬಿಡಲಿ ಎನಿಸಿತು. ಅಪ್ಪಣ್ಣ ಸಿಟ್ಟಿಗೆದ್ದು ಕೂಗಾಡುವ ಮನುಷ್ಯನಲ್ಲ. ರುಮಾಲು ಸರಿಮಾಡಿಕೊಂಡು, ನಡಿ ಮಗಳೇ, ಮೋಟಾರು ಹೊರಳಿ ಹೋಗುವುದಕ್ಕೆ ಇನ್ನೂ ಅರ್ಧ ತಾಸಿದೆ ಎಂದ. ಪಾರವ್ವ ನಡೆಯಲಿಲ್ಲ. ಟ್ರಂಕಿನ ಮೇಲೆ ಕೂತಳು. ಅಪ್ಪಣ್ಣ ಎರಡನೆಯ ಸಲ ಕರೆದ. ಅವಳು ಸೀರೆಯ ನಿರಿಗೆ ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ ಕೂತಳು. ಮೂರನೆಯ ಸಲ ಕರೆಯುವ ಹೊತ್ತಿಗೆ ಗುರುವಾರದವರು, ಶುಕ್ರವಾರದವರು ಎನ್ನದೆ ಓಣಿಯ ಹೆಂಗಸರೆಲ್ಲ ಅವಳ ಸುತ್ತ ಕೂತುಬಿಟ್ಟಿದ್ದರು. ಅವರಲ್ಲಿ ಯಾರನ್ನೂ ಎಬ್ಬಿಸುವ ಕಾಯದೆ ಮಾಮಲೇದಾರರ ಹತ್ತಿರ ಇರಲಿಲ್ಲ.

ಇದನ್ನೆಲ್ಲ ನೋಡುತ್ತ ನಿಂತಿದ್ದ ಯಲ್ಲಾರಿ ಮುರಿಗೆಪ್ಪನ ಹತ್ತಿರ ಸರಿದ.

"ಹೇಳಬಾರದಾಗಿತ್ತೇನೋ, ಹುಚ್ಚಪ್ಪ. ನಾ ನಿನಗ ಬ್ಯಾಡಾದ್ನಿ ಅಂತ ತಿಳದಿದ್ನಿ."

ಮುರಿಗೆಪ್ಪ ಬರೀ ಅವನ ಕೈ ಹಿಡಿದ. ಯಲ್ಲಾರಿ ಅರ್ಜಿ ಹಿಂದಕ್ಕೆ ತೆಗೆದುಕೊಂಡು ಖೋಲಿ ಬಿಡುತ್ತೇನೆ, ಕಾಲು ಚಾಚದೆ ಮಲಗಿ ನನಗೆ ರೂಢಿಯಿದೆ ಎಂದ. ಅಪ್ಪಣ್ಣ ಒಪ್ಪಲಿಲ್ಲ. ಇಡೀ ಖೋಲಿಯಾದರೂ ಅದು ಖೋಲಿಯೇ. ಇನ್ನೊಬ್ಬ ಹುಡುಗನನ್ನು ಬೀದಿಗೆ ಹಾಕಿದ ಜಾಗದಲ್ಲಿ ಮಗಳನ್ನು ಬಿಟ್ಟು ಹೋಗುವವನು ತಾನಲ್ಲ ಎಂದ. ಆ ಮಾತು ಕೇಳಿ ಯಲ್ಲಾರಿಗೆ ಅವನ ಮೇಲೆ ಅಭಿಮಾನವೂ ಬಂತು, ಮುರಿಗೆಪ್ಪನಿಗಾಗಿ ದುಃಖವೂ ಬಂತು.

ದಾರಿ ತೆಗೆದವಳು ಸಾತವ್ವ. ಅಂಗಳದ ಈಚೆ ತನ್ನದು ದೊಡ್ಡ ಮನೆ, ತಾನೊಬ್ಬಳೇ, ಕಣ್ಣೂ ಸರಿಯಾಗಿ ಕಾಣುವುದಿಲ್ಲ, ಹುಡುಗಿ ನನ್ನ ಮಗಳ ಹಾಗೆ ಇರಲಿ ಎಂದಳು. ಅಪ್ಪಣ್ಣ ಟ್ರಂಕನ್ನೂ ಅದರ ಮೇಲಿದ್ದವಳನ್ನೂ ಬಹಳ ಹೊತ್ತು ನೋಡಿದ. ಕೊನೆಗೆ ಒಪ್ಪಿದ, ಆದರೆ ಕರಾರಿನ ಮೇಲೆ. ಅಳಿಯ ಮ್ಯಾಟ್ರಿಕ್ ಪಾಸಾಗಬೇಕು. ನೌಕರಿ ಹಿಡಿದು ಖರೆ ಖರೆ ಮನೆ ಮಾಡಬೇಕು. ಅಲ್ಲಿಯ ತನಕ ಮಗಳು ಸಾತವ್ವನ ಹೊಸ್ತಿಲು ದಾಟುವುದಿಲ್ಲ, ಅವನು ಖೋಲಿಯ ಹೊಸ್ತಿಲು ದಾಟಿ ಆ ಕಡೆ ಬರುವುದಿಲ್ಲ, ಒಬ್ಬರೊಡನೊಬ್ಬರು ಮಾತಾಡುವುದಿಲ್ಲ. ಮಾಮಲೇದಾರರು ಸಂತೋಷದಿಂದ ಇದನ್ನೇ ಕೋರ್ಟಿನ ನಿಕಾಲಿ ಎಂದು ಬರೆಸಿದರು. ಖೋಲಿ ಮೊದಲಿನಂತೆಯೇ ಇಬ್ಬರದು. ಸಂಸ್ಥಾನದ ಖಲೀತೆಗೆ ಐದು ಮೊಳ, ಆರು ಮೊಳ, ಪೀಕು ಏನೂ ಇಲ್ಲ ಎಂದು ಉತ್ತರ ಹೋಯಿತು.

ಅಪ್ಪಣ್ಣ ಹೋಗುವ ಮೊದಲು ಅಂಗಳವನ್ನು ತಾನೇ ಹೆಜ್ಜೆ ಹಾಕಿ ಅಳೆದ. ಸಾತವ್ವನ ಹೊಸ್ತಿಲಿನಿಂದ ಖೋಲಿಯ ಹೊಸ್ತಿಲಿಗೆ ಹನ್ನೆರಡು ಹೆಜ್ಜೆ. ಸಾತವ್ವ ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟಳು. ಅವಳ ಕಣ್ಣು ಮಂದವಾದರೂ ಕಿವಿ ಬಹಳ ಚುರುಕು ಎಂಬುದು ಮುರಿಗೆಪ್ಪನಿಗೆ ಎರಡೇ ದಿನದಲ್ಲಿ ಅರಿವಾಯಿತು.

ಅವಳು ಹರದಾರಿಗಳಾಚೆ ಇದ್ದಾಗ ಅವನು ಹೇಗೋ ತಾಳಿಕೊಂಡಿದ್ದ. ಹನ್ನೆರಡು ಹೆಜ್ಜೆಯನ್ನು ತಾಳಿಕೊಳ್ಳುವುದು ಅದಕ್ಕಿಂತ ಕಷ್ಟವಾಯಿತು. ಅಲ್ಲಿ ಬಳೆಯ ಸಪ್ಪಳವಾದರೆ ಇಲ್ಲಿ ರೊಟ್ಟಿ ಸೀಯುತ್ತಿತ್ತು. ಅವಳು ಬೀಸುವ ಕಲ್ಲಿನ ಮುಂದೆ ಕೂತರೆ ಇವನು ಹಿಡಿದ ಪುಸ್ತಕ ಒಂದೇ ಪುಟದಲ್ಲಿ ತಾಸುಗಟ್ಟಲೆ ನಿಲ್ಲುತ್ತಿತ್ತು. ಸ್ಟ್ಯಾಂಡಿಗೆ ಹೋಗುವುದನ್ನು ಮಾತ್ರ ಬಿಟ್ಟ. ಯಲ್ಲಾರಿ ಸುಣ್ಣದ ಗೆರೆ ಅಳಿಸಿ, ರೊಟ್ಟಿ ಬಡಿಯುವ ಕೆಲಸ ತನ್ನ ಮೇಲೆ ಹಾಕಿಕೊಂಡು, ನೀನು ಅಲ್ಲಿ ನೋಡು, ಆದರೆ ನಡುನಡುವೆ ಇಲ್ಲಿಯೂ ನೋಡು ಎಂದು ಪುಸ್ತಕ ತೋರಿಸುತ್ತಿದ್ದ.

ಎಂಟನೆಯ ದಿನದ ಸಂಜೆ. ಇನ್ನೂ ಬೆಳಕಿತ್ತು. ಸಾತವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೊಸ್ತಿಲ ಒಳಗೆ ಪಾರವ್ವ. ಖೋಲಿಯ ಹೊಸ್ತಿಲ ಮೇಲೆ ಯಲ್ಲಾರಿ, ಅವನ ಹಿಂದೆ ಪುಸ್ತಕ ಹಿಡಿದು ಮುರಿಗೆಪ್ಪ. ಒಳಗಿನಿಂದ ಒಂದು ಮಾತು ಬಂತು. ಅದು ಸಾತವ್ವನಿಗೇ ಆಡಿದ ಮಾತು, ಕರಾರಿಗೆ ಎಲ್ಲಿಯೂ ಭಂಗವಿರಲಿಲ್ಲ.

"ಆಯಿ, ಪರೀಕ್ಷಾ ಇನ್ನ ಎಷ್ಟ ದಿನಾ ಐತಂತ ಕೇಳ್ರಿ."

ಮುರಿಗೆಪ್ಪನ ಕೈಯಿಂದ ಸೀಸಕಡ್ಡಿ ಬಿತ್ತು. ಮದುವೆಯಾದಂದಿನಿಂದ ಅವನು ಅವಳ ಧ್ವನಿ ಕೇಳಿದ್ದು ಅದೇ ಮೊದಲು. ಸಾತವ್ವ ಜೋಳದಿಂದ ತಲೆಯೆತ್ತದೆ ಆ ಪ್ರಶ್ನೆಯನ್ನು ಯಲ್ಲಾರಿಗೆ ದಾಟಿಸಿದಳು. ಯಲ್ಲಾರಿ ಅದನ್ನು ಹಿಂದಕ್ಕೆ ದಾಟಿಸಿದ. ಮುರಿಗೆಪ್ಪ ಬೆರಳೆಣಿಸದೆಯೇ ಇನ್ನೂರ ಐವತ್ತೆಂಟು ದಿನ ಎಂದ. ಅವನ ಬಾಳಿನಲ್ಲಿ ಸರಿಬಂದ ಮೊದಲನೆಯ ಲೆಕ್ಕ ಅದು. ಉತ್ತರ ಬಂದ ದಾರಿಯಲ್ಲೇ ಅಂಗಳ ದಾಟಿ ಹೋಯಿತು. ಆ ಕಡೆ ಮೊರದ ಸಪ್ಪಳ ನಿಂತಿತು.

"ಹಂಗಾದ್ರ ಓದಾಕ ಹೇಳ್ರಿ," ಎಂದಿತು ಆ ಧ್ವನಿ.

ಓದಬೇಕಂತ ಎಂದು ಯಲ್ಲಾರಿ ಈ ಕಡೆ ತಿರುಗಿ ಹೇಳಿದ. ಹನ್ನೆರಡು ಹೆಜ್ಜೆಯಾಚೆಯ ಆ ಮಾತಿನ ಒಂದೊಂದು ಅಕ್ಷರವೂ ಮುರಿಗೆಪ್ಪನಿಗೆ ಕೇಳಿಸಿತ್ತು. ಅವನು ಪುಸ್ತಕದಿಂದ ಮುಖವೆತ್ತದೆ, ನನಗೇನೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಾಕ ಹೇಳು ಎಂದ.